ಅಪ್ಪಾಜಿಯ ಪಂಚೆಯಲ್ಲಿ ತರಂಗಿಣಿಯ ಹಾಯಿ

ದಾವಣಗೆರೆಗೂ ಸಮುದ್ರಕ್ಕೂ ಬಹಳ ದೂರ. ಆದರೂ ನಮ್ಮ ಮನೆಯ ಮೇಜಿನ ಮೇಲೆ ಎರಡು ವರ್ಷದಿಂದ ಒಂದು ಹಾಯಿಹಡಗು ನಿಂತಿದೆ. ನಮ್ಮ ನೌಕಾಪಡೆಯ ಐಎನ್‌ಎಸ್ ತರಂಗಿಣಿಯ ಮಾದರಿ. ಗೋವಾ ಶಿಪ್‌ಯಾರ್ಡಿನಲ್ಲಿ ಕಟ್ಟಿದ ಆ ಹಡಗು ನೌಕಾಪಡೆಗೆ ಸೇರಿದ್ದು 1997ರಲ್ಲಿ. 2003-04ರಲ್ಲಿ ಪ್ರಪಂಚವನ್ನೇ ಒಂದು ಸುತ್ತು ಹಾಕಿ ಬಂತು. ಉದ್ದ 54 ಮೀಟರ್. ನೂರರಲ್ಲಿ ಒಂದು ಪಾಲಿಗೆ ಇಳಿಸಿದರೆ 54 ಸೆಂಟಿಮೀಟರ್. ನಮ್ಮ ಮೇಜಿಗೆ ಸರಿಹೋಯಿತು.

ಹಡಗಿನ ಒಡಲಿಗೆ ಬಡಗಿ ಅಂಗಡಿಯ ಸಾಗುವಾನಿ ತುಂಡು, ಉಪ್ಪುಕಾಗದ, ಬಿಳಿ ಬಣ್ಣ, ಅಷ್ಟೇ. ಕಷ್ಟ ಇದ್ದದ್ದು ಮೇಲ್ಗಡೆ. ಮೂರು ಕಂಬಕ್ಕೆ ಬಿದಿರು ಸೀಳಿ, ತುದಿಗೆ ಹೋದಂತೆ ಸಣ್ಣಗಾಗುವ ಹಾಗೆ ಉಜ್ಜಿದೆ. ಹಾಯಿ ಇಳಿಬಿಡಲು ಕಂಬಕ್ಕೆ ಅಡ್ಡ ಕಟ್ಟುವ ಅಡ್ಡಮರಗಳಿಗೆ ಊದುಬತ್ತಿ ಕಡ್ಡಿ. ಹಾಯಿಗೆ ಮಾತ್ರ ಅಂಗಡಿಯಲ್ಲಿ ತಂದ ಬಟ್ಟೆಯೆಲ್ಲ ದಪ್ಪವಾಯಿತು. ಅಪ್ಪಾಜಿ ಇಲ್ಲಿನ ಹತ್ತಿ ಮಿಲ್ಲಿನಲ್ಲಿ ದುಡಿದವರು. ತಮ್ಮ ಹಳೇ ಪಂಚೆಯನ್ನು ಬೆರಳಲ್ಲಿ ತಿಕ್ಕಿ ನೋಡಿ, "ಇದಾಗುತ್ತೆ, ತಗೋ" ಅಂದರು. ತೊಳೆದು ತೊಳೆದು ಮೆತ್ತಗಾದ ಬಟ್ಟೆ. ಕತ್ತರಿಸಿ, ನೀರು ಬೆರೆಸಿದ ಫೆವಿಕಾಲ್ ಸವರಿ, ಪ್ಲಾಸ್ಟಿಕ್ ಹಾಳೆ ಸುತ್ತಿದ ಚೊಂಬಿನ ಮೇಲೆ ಒಣಗಿಸಿದೆ. ಗಾಳಿ ತುಂಬಿದ ಹಾಗೆ ಉಬ್ಬಿಕೊಂಡವು. ಟೀ ಡಿಕಾಕ್ಷನ್ನಿನಲ್ಲಿ ಅದ್ದಿ ಹಳೇ ಬಣ್ಣ ಬರಿಸುವವರಿದ್ದಾರೆ. ತರಂಗಿಣಿಯ ಹಾಯಿ ಬಿಳಿ, ಹಾಗಾಗಿ ನಾನು ಅದ್ದಲಿಲ್ಲ.

ಹಗ್ಗಗಳನ್ನು ಫೋಟೋ ನೋಡಿಕೊಂಡು ಕಟ್ಟಿದೆ. ಎಲ್ಲಾ ದಾರವನ್ನೂ ಕಂಬದ ಬುಡಕ್ಕೆ ತಂದು ಒಟ್ಟಿಗೆ ಅಂಟಿಸಿಬಿಟ್ಟಿದ್ದೆ. ನೋಡಲು ಚೆನ್ನಾಗಿಯೇ ಇತ್ತು.

2024ರ ಕೊನೆಗೆ ಇಟಲಿಯ ನೌಕಾಪಡೆಯ ಅಮೆರಿಗೊ ವೆಸ್ಪುಚಿ ಮುಂಬೈ ಬಂದರಿಗೆ ಬಂತು. 1931ರಲ್ಲಿ ನೀರಿಗಿಳಿದ ಹಡಗು, ಈಗಲೂ ನಾರಿನ ಕ್ಯಾನ್ವಾಸಿನ ಹಾಯಿ. ರಾತ್ರಿ ರೈಲು ಹತ್ತಿ ಹೋದೆ. ಅದರ ನಡುಗಂಬದ ಎತ್ತರ 54 ಮೀಟರ್, ಅಂದರೆ ಇಡೀ ತರಂಗಿಣಿಯ ಉದ್ದ! ಕೆಳಗೆ ನಿಂತು ಕತ್ತು ಎತ್ತಿದರೆ ಬರೀ ಹಗ್ಗ. ಆದರೆ ಒಂದೂ ಸುಮ್ನೆ ಇರಲಿಲ್ಲ. ಕಂಬವನ್ನು ಹಿಡಿದು ನಿಲ್ಲಿಸುವ ಹಗ್ಗಗಳು ಬೇರೆ, ಹಾಯಿ ಎತ್ತಿಳಿಸುವ, ಅಡ್ಡಮರ ತಿರುಗಿಸುವ ಹಗ್ಗಗಳು ಬೇರೆ. ಈ ಎರಡನೆಯವು ಸಾಲಾಗಿ ಚುಚ್ಚಿದ ಗೂಟಗಳಿಗೆ ಬರುತ್ತವೆ. ಯಾವ ಹಗ್ಗಕ್ಕೆ ಯಾವ ಗೂಟ ಅನ್ನುವುದು ಬದಲಾಗುವುದಿಲ್ಲ, ಕತ್ತಲಲ್ಲೂ ಕೈಗೆ ಸಿಗಬೇಕಲ್ವಾ.

ಊರಿಗೆ ಬಂದವನೇ ನನ್ನ ಮಾದರಿಯ ದಾರವನ್ನೆಲ್ಲ ಕತ್ತರಿಸಿದೆ. ಆರು ತಿಂಗಳ ಕೆಲಸ, ಹೊಟ್ಟೆ ಉರಿಯಿತು. ಆದರೆ ತಪ್ಪು ಗೊತ್ತಾದ ಮೇಲೆ ಬಿಡಲು ಮನಸ್ಸಾಗಲಿಲ್ಲ. ಗುಂಡುಸೂಜಿ ತುಂಡು ಮಾಡಿ ಗೂಟ ನೆಟ್ಟೆ. ಕಂಬ ಹಿಡಿದು ನಿಂತ ಹಗ್ಗಕ್ಕೆ ಕಪ್ಪು ದಾರ, ಹಾಯಿ, ಅಡ್ಡಮರ ಆಡಿಸಲು ಓಡುವ ಹಗ್ಗಕ್ಕೆ ತಿಳಿಗಂದು. ಮೊದಲು ದಾರಕ್ಕೆ ಜೇನುಮೇಣ ತಿಕ್ಕಬೇಕು, ಇಲ್ಲದಿದ್ದರೆ ನವಿರು ಎದ್ದು ಕಂಬಳಿ ಎಳೆಯ ಹಾಗೆ ಕಾಣುತ್ತದೆ. ಕಂಬ ಹತ್ತುವ ಹಗ್ಗದ ಏಣಿಗೆ ಅಂಟು ಹಚ್ಚಲಿಲ್ಲ, ಒಂದೊಂದೂ ಗಂಟು. ದಾರವನ್ನು ಎರಡು ಸುತ್ತು ತಂದು, ಎರಡನೇ ಸುತ್ತಿನ ಅಡಿಯಿಂದ ತುದಿ ಹೊರಗೆಳೆದರೆ ಆಯಿತು. ಅಪ್ಪಾಜಿ ಕನ್ನಡಕ ಏರಿಸಿ ನೋಡಿ, "ಗೂಟಕ್ಕೆ ಕರು ಕಟ್ಟೋ ಗಂಟಲ್ವೇನಪ್ಪಾ ಇದು!" ಅಂದರು. ಅಂದಿನಿಂದ ಒಂದು ಬದಿಯ ಏಣಿ ಅವರದು.

ಹಿಂದಿನ ಕಂಬ ಇನ್ನೂ ಬಾಕಿ. ತರಂಗಿಣಿಯಲ್ಲಿ ಆ ಕಂಬಕ್ಕೆ ಅಡ್ಡಮರವಿಲ್ಲ, ಅದರ ಹಾಯಿಯು ಹಡಗಿನ ಉದ್ದದ ದಿಕ್ಕಿಗೇ ನಿಲ್ಲುತ್ತದೆ. ಆ ಹಾಯಿಯ ತುಂಡು ಈಗ ಚೊಂಬಿನ ಮೇಲೆ ಒಣಗುತ್ತಿದೆ.