ಬೆಂಗಳೂರಿನಲ್ಲಿ ಸೈಕಲ್ಲಿಗೆ ಒಪ್ಪುವ ದಾರಿ ಹುಡುಕುವುದು ಹೇಗೆ?

ಆಸೆಪಟ್ಟು ಕೊಂಡ ಸೈಕಲ್ಲು ಬಾಲ್ಕನಿಯಲ್ಲಿ ಧೂಳು ಹಿಡಿದು ನಿಂತಿರುವ ಮನೆಗಳು ಬೆಂಗಳೂರಿನಲ್ಲಿ ಬೇಕಾದಷ್ಟಿವೆ. ಕೇಳಿದರೆ ಎಲ್ಲರದ್ದೂ ಒಂದೇ ಮಾತು: ‘ಈ ಟ್ರಾಫಿಕ್‌ನಲ್ಲಿ ಎಲ್ಲಿ ತುಳಿಯೋದು?’ ಮೊದಲ ದಿನ ಯಾವ ದಾರಿಯಲ್ಲಿ ಹೋಗಿದ್ದಿರಿ ಅಂತ ಅವರನ್ನು ಕೇಳಿ ನೋಡಿ. ದಿನಾ ಸ್ಕೂಟರ್‌ನಲ್ಲಿ ಹೋಗುವ ದಾರಿಗೇ ಸೈಕಲ್ಲನ್ನೂ ಇಳಿಸಿರುತ್ತಾರೆ. ಬಸ್ಸು, ನೀರಿನ ಟ್ಯಾಂಕರ್, ಆಟೋಗಳ ನಡುವೆ ಎರಡು ಕಿಲೋಮೀಟರ್ ತುಳಿದರೆ ಸಾಕು, ಮಾರನೇ ದಿನ ಸೈಕಲ್ ಮುಟ್ಟುವ ಮನಸ್ಸು ಯಾರಿಗೂ ಬರುವುದಿಲ್ಲ.

ಸೈಕಲ್ಲಿನ ದಾರಿ ಬೇರೆ. ಅದು ಮೇನ್ ರೋಡಿನಿಂದ ಒಂದೋ ಎರಡೋ ಕ್ರಾಸ್ ಒಳಗೆ ಇರುತ್ತದೆ. ಅಲ್ಲಿ ಏಪ್ರಿಲ್ ಬಂತೆಂದರೆ ಹೊಂಗೆ ಹೂ ಉದುರಿ ಅರಳು ಚೆಲ್ಲಿದ ಹಾಗಿರುತ್ತದೆ. ಬಾಗಿಲಿಗೆ ನೀರು ಹಾಕಿದ ಅಜ್ಜಿ ರಂಗೋಲಿ ಮುಗಿಸುವ ತನಕ ನೀವು ಬ್ರೇಕ್ ಹಿಡಿದು ಪಕ್ಕಕ್ಕೆ ಸರಿಯುತ್ತೀರಿ. ನಿಮ್ಮ ಚೈನಿನ ಸದ್ದು ನಿಮಗೇ ಕೇಳುತ್ತದೆ. ಇಂಥ ರಸ್ತೆಗಳು ಈ ಊರಿನಲ್ಲಿ ಇನ್ನೂ ಬೇಕಾದಷ್ಟಿವೆ. ಆದರೆ ಅವು ತುಂಡು ತುಂಡಾಗಿವೆ. ಆ ತುಂಡುಗಳನ್ನು ಪೋಣಿಸುವುದೇ ನಮ್ಮ ಕೆಲಸ.

ಮೊದಲು ಹೊತ್ತು ಗೊತ್ತು ಮಾಡಿಕೊಳ್ಳಿ

ಒಂದೇ ರಸ್ತೆ ಬೆಳಿಗ್ಗೆ 6ಕ್ಕೆ ಒಂಥರ, 9ಕ್ಕೆ ಇನ್ನೊಂಥರ. ಸ್ಕೂಲ್ ವ್ಯಾನುಗಳು ಹೊರಡುವ ಮುಂಚಿನ ಒಂದೂವರೆ ಗಂಟೆ ಚಿನ್ನದಂಥ ಹೊತ್ತು. ಜೂನ್‌ನಲ್ಲಿ ಆರಕ್ಕೆ ಮುಂಚೆಯೇ ಬೆಳಕಾಗುತ್ತದೆ. ಜನವರಿಯಲ್ಲಿ ಸೂರ್ಯ ಹುಟ್ಟುವುದು ಆರೂ ಮುಕ್ಕಾಲಿನ ಹೊತ್ತಿಗೆ, ಆಗ ಮುಂದೆ ಬಿಳಿ ದೀಪ, ಹಿಂದೆ ಕೆಂಪು ದೀಪ ಇಲ್ಲದೆ ಹೊರಡಬೇಡಿ. ಹಳೇ ಬಡಾವಣೆಗಳಲ್ಲಿ ಭಾನುವಾರ ಮಧ್ಯಾಹ್ನ ಊಟದ ಹೊತ್ತೂ ಚೆನ್ನಾಗಿರುತ್ತದೆ, ಮರದ ನೆರಳು ಇದ್ದರೆ.

ಕೆಲವು ರಸ್ತೆಗಳು ಸಿಗುವುದೇ ಭಾನುವಾರ. ವಾರವಿಡೀ ಕಾಲಿಡಲು ಜಾಗ ಇಲ್ಲದ ಅವೆನ್ಯೂ ರಸ್ತೆ, ಬಳೇಪೇಟೆ, ಚಿಕ್ಕಪೇಟೆಯ ಬೀದಿಗಳನ್ನು ಅಂಗಡಿ ಬಾಗಿಲು ತೆರೆಯುವ ಮುಂಚೆ ಹೋಗಿ ನೋಡಿ. 1537ರಲ್ಲಿ ಕೆಂಪೇಗೌಡರು ಕಟ್ಟಿಸಿದ ಪೇಟೆ ಎಷ್ಟು ಪುಟ್ಟದು ಅಂತ ಪೆಡಲ್ ತುಳಿಯುವಾಗ ಗೊತ್ತಾಗುತ್ತದೆ. ಕೆ.ಆರ್. ಮಾರ್ಕೆಟ್ ಪಕ್ಕ ಮಾತ್ರ ಹೋಗಬೇಡಿ, ಹೂವಿನ ವ್ಯಾಪಾರ ನಸುಕಿನಲ್ಲೇ ಶುರುವಾಗಿರುತ್ತದೆ. ಕಬ್ಬನ್ ಪಾರ್ಕ್ ಒಳಗೆ ಭಾನುವಾರ ಕಾರು, ಬೈಕು ಬಿಡುವುದಿಲ್ಲ. ಮಕ್ಕಳಿಗೆ ಸೈಕಲ್ ಕಲಿಸುವವರಿಗೆ ಊರ ನಡುವೆ ಇದಕ್ಕಿಂತ ಒಳ್ಳೆ ಜಾಗ ನನಗೆ ಗೊತ್ತಿಲ್ಲ.

ಮ್ಯಾಪ್ ತೆರೆಯಿರಿ, ದಾಟುವ ಜಾಗ ಹುಡುಕಿ

ಇದು ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ. ಒಳ್ಳೆ ರಸ್ತೆ ಎಲ್ಲಿದೆ ಅಂತ ಮೊದಲು ಹುಡುಕಬೇಡಿ. ದೊಡ್ಡ ರಸ್ತೆಯನ್ನು ಎಲ್ಲಿ ಸುಲಭವಾಗಿ ದಾಟಬಹುದು ಅಂತ ಹುಡುಕಿ.

ಯಾಕೆ ಅಂದರೆ, ನಮ್ಮ ಬಡಾವಣೆಗಳೆಲ್ಲ ನಡುಗಡ್ಡೆಗಳ ಹಾಗೆ. ಒಳಗೆ ಶಾಂತವಾಗಿರುತ್ತವೆ, ಸುತ್ತ ಟ್ರಾಫಿಕ್ಕಿನ ಹೊಳೆ. ಕರಾವಳಿ ಕಡೆ ಹೊಳೆ ದಾಟುವ ಜಾಗಕ್ಕೆ ಕಡವು ಅನ್ನುತ್ತಾರೆ. ಎಲ್ಲೆಂದರಲ್ಲಿ ಹೊಳೆಗೆ ಯಾರೂ ಇಳಿಯುವುದಿಲ್ಲ, ದಾರಿ ಉದ್ದವಾದರೂ ಕಡವಿಗೇ ಹೋಗುತ್ತಾರೆ. ಸೈಕಲ್ಲಿಗೂ ಅದೇ ಲೆಕ್ಕ. ಕಡವು ಗೊತ್ತಾಯಿತು ಅಂದರೆ ನಡುವಿನ ದಾರಿ ತಾನಾಗಿಯೇ ಸಿಗುತ್ತದೆ.

ಇಂಟರ್ನೆಟ್ಟಿನಲ್ಲಿ ಉಚಿತವಾಗಿ ಸಿಗುವ ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆಯಿರಿ. ಕೇಸರಿ, ಹಳದಿ ಬಣ್ಣದ ದಪ್ಪ ಗೆರೆಗಳು ದೊಡ್ಡ ರಸ್ತೆಗಳು. ಮನೆಗಳ ನಡುವಿನ ರಸ್ತೆಗಳು ಸಣ್ಣ ಬಿಳಿ ಗೆರೆಗಳು. ಮನೆಯಿಂದ ಮೂರ್ನಾಲ್ಕು ಕಿಲೋಮೀಟರ್ ಒಳಗೆ ಇರುವ ಬಣ್ಣದ ಗೆರೆಗಳನ್ನು ಗಮನಿಸಿ. ಅವುಗಳ ಎರಡೂ ಬದಿಯ ಬಿಳಿ ಗೆರೆಗಳು ಎಲ್ಲೆಲ್ಲಿ ಎದುರುಬದುರಾಗಿ ಬಂದು ಸೇರುತ್ತವೋ ಅವನ್ನು ಕಾಗದದಲ್ಲಿ ಗುರುತು ಹಾಕಿಕೊಳ್ಳಿ. ಎದುರುಬದುರು ಇರುವುದು ಮುಖ್ಯ. ಈ ಕಡೆಯ ಕ್ರಾಸಿಗೂ ಆ ಕಡೆಯ ಕ್ರಾಸಿಗೂ ಐವತ್ತು ಮೀಟರ್ ವ್ಯತ್ಯಾಸ ಇದ್ದರೆ ಆ ಐವತ್ತು ಮೀಟರ್ ದೊಡ್ಡ ರಸ್ತೆಯಲ್ಲೇ ಹೋಗಬೇಕಾಗುತ್ತದೆ, ಕೆಲವು ಸಲ ಎದುರು ದಿಕ್ಕಿನಲ್ಲಿ. ಅದು ಬೇಡ.

ನಡೆದು ಹೋಗುವವರಿಗೆ ಸಿಗ್ನಲ್ ಇರುವ ಕಡೆ, ಡಿವೈಡರ್ ತೆರೆದಿರುವ ಕಡೆ, ಒನ್ ವೇ ರಸ್ತೆ ದಾಟುವ ಕಡೆ ಒಳ್ಳೆ ಕಡವು ಸಿಗುತ್ತದೆ. ಒನ್ ವೇಯಲ್ಲಿ ಒಂದೇ ದಿಕ್ಕು ನೋಡಿದರೆ ಸಾಕು. ಫ್ಲೈಓವರ್ ಇಳಿಯುವ ಬಾಯಿ ಮತ್ತು ಕೆಳಗಿನ ಯೂಟರ್ನ್ ಜಾಗಗಳನ್ನು ಪಟ್ಟಿಯಿಂದ ತೆಗೆದುಹಾಕಿ.

ಜಯನಗರದಿಂದ ಬಸವನಗುಡಿಗೆ ಹೋಗುವುದನ್ನೇ ತೆಗೆದುಕೊಳ್ಳಿ. ಎರಡೂ ಕಡೆ ಸೈಕಲ್ಲಿಗೆ ಹೇಳಿ ಮಾಡಿಸಿದಂಥ ರಸ್ತೆಗಳಿವೆ. ನಡುವೆ ಮೆಟ್ರೊ ಕಂಬಗಳ ಆರ್.ವಿ. ರಸ್ತೆ ಅಡ್ಡ ಬರುತ್ತದೆ. ಎಲ್ಲರಿಗೂ ಮೊದಲು ನೆನಪಾಗುವುದು ಸೌತ್ ಎಂಡ್ ಸರ್ಕಲ್. ಅಲ್ಲಿ ಎಷ್ಟೋ ದಿಕ್ಕಿನಿಂದ ರಸ್ತೆಗಳು ಬಂದು ಸೇರುತ್ತವೆ, ಯಾವ ಗಾಡಿ ಎತ್ತ ತಿರುಗುತ್ತದೆ ಅಂತ ಹೇಳುವುದೇ ಕಷ್ಟ. ನಾನು ಅಲ್ಲಿ ಸೈಕಲ್ ಇಳಿದು, ನಡೆಯುವವರ ಜೊತೆ ತಳ್ಳಿಕೊಂಡು ದಾಟುತ್ತೇನೆ. ಎರಡು ನಿಮಿಷ ಜಾಸ್ತಿ ಹಿಡಿಯುತ್ತದೆ, ಅಷ್ಟೇ. ದಾಟಿದ ಮೇಲೆ ಕೃಷ್ಣರಾವ್ ಪಾರ್ಕ್ ಸುತ್ತಲಿನ ನೆರಳು, ಗಾಂಧಿ ಬಜಾರ್ ಕಡೆಯ ಕಾಫಿ ಎಲ್ಲ ಸಲೀಸು.

ಸವಾರಿ ದಾಖಲಿಸುವ ಆಪ್ ಆದ ಸ್ಟ್ರಾವಾದ ಹೀಟ್‌ಮ್ಯಾಪ್ ನೋಡಿ ಅಂತ ಎಲ್ಲರೂ ಹೇಳುತ್ತಾರೆ. ಜನ ಎಲ್ಲೆಲ್ಲಿ ಸೈಕಲ್ ಹೊಡೆದಿದ್ದಾರೆ ಅನ್ನುವುದನ್ನು ಅದು ಬಣ್ಣದಲ್ಲಿ ತೋರಿಸುತ್ತದೆ. ನೋಡಿ, ಆದರೆ ಅರ್ಥ ಮಾಡಿಕೊಂಡು ನೋಡಿ. ಜಾಸ್ತಿ ಹೊಳೆಯುವ ಗೆರೆಗಳು ವೇಗವಾಗಿ ಹೋಗುವವರದ್ದು. ನಸುಕಿನಲ್ಲಿ ಬಳ್ಳಾರಿ ರಸ್ತೆ ಹಿಡಿದು ಸುಮಾರು 60 ಕಿಲೋಮೀಟರ್ ದೂರದ ನಂದಿ ಬೆಟ್ಟಕ್ಕೆ ಹೋಗುವವರ ದಾರಿ ಅದು. ನಿಮಗೆ ಬೇಕಾದದ್ದು ಮಂಕಾಗಿ ಕಾಣುವ ಸಣ್ಣ ಗೆರೆಗಳು. ಯಾರೋ ಒಬ್ಬರು ದಿನಾ ಆಫೀಸಿಗೆ ಹೋಗಲು ಕಂಡುಕೊಂಡ ಒಳದಾರಿ ಅಲ್ಲಿರುತ್ತದೆ.

ನೀರು ಹರಿಯುವ ಕಡೆ ನೋಡಿ

ಬೆಂಗಳೂರು ಸಪಾಟಾದ ಊರಲ್ಲ. ಊರ ನಡುವೆ ದಿಣ್ಣೆ ಇದೆ. ಅದರ ಪಶ್ಚಿಮಕ್ಕೆ ಬಿದ್ದ ಮಳೆ ವೃಷಭಾವತಿ ಸೇರಿ ಅರ್ಕಾವತಿಗೆ ಹೋಗುತ್ತದೆ, ಪೂರ್ವಕ್ಕೆ ಬಿದ್ದದ್ದು ದಕ್ಷಿಣ ಪಿನಾಕಿನಿಗೆ. ಸ್ಕೂಟರ್‌ನಲ್ಲಿ ಇದು ಗೊತ್ತಾಗುವುದೇ ಇಲ್ಲ. ಸೈಕಲ್ಲಿನಲ್ಲಿ ಮೊಣಕಾಲು ಹೇಳುತ್ತದೆ. ದೊಡ್ಡ ಬಸವಣ್ಣನ ಗುಡಿಯಿಂದ ಕೆಂಪಾಂಬುಧಿ ಕೆರೆ ಕಡೆ ಹೊರಟರೆ ಪೆಡಲ್ ತುಳಿಯುವ ಕೆಲಸ ಕಡಿಮೆ. ವಾಪಸ್ ಬರುವಾಗ ಆ ಸಾಲ ತೀರಿಸಬೇಕು.

ಉಪಾಯ ಸರಳ. ಮ್ಯಾಪಿನಲ್ಲಿ ರಾಜಕಾಲುವೆ, ಅಂದರೆ ಮಳೆನೀರು ಹರಿಯುವ ದೊಡ್ಡ ಕಾಲುವೆ, ಎಲ್ಲಿದೆ ನೋಡಿ. ಕಾಲುವೆಯನ್ನು ಅಡ್ಡ ಹಾಯುವ ರಸ್ತೆಗಳಲ್ಲಿ ಇಳಿದು ಮತ್ತೆ ಹತ್ತಬೇಕು. ಕಾಲುವೆಗೆ ಸಮಾನಾಂತರವಾಗಿ ಹೋಗುವ ರಸ್ತೆಗಳಲ್ಲಿ ಏರು ಕಡಿಮೆ. ಕೆರೆ ಏರಿಯ ಮೇಲಿನ ರಸ್ತೆಗಳು ಸಾಮಾನ್ಯವಾಗಿ ಸಪಾಟು. ಓಪನ್‌ಸ್ಟ್ರೀಟ್‌ಮ್ಯಾಪಿನಲ್ಲೇ ಸೈಕಲ್ ಮ್ಯಾಪ್ ಅಂತ ಇನ್ನೊಂದು ಪದರ ಇದೆ, ಅದರಲ್ಲಿ ಏರಿಳಿತದ ಗೆರೆಗಳೂ ಕಾಣುತ್ತವೆ.

ಹಳೇ ಬಡಾವಣೆಯಿಂದ ಶುರು ಮಾಡಿ

ಪ್ಲೇಗ್ ಬಂದ ಕಾಲದಲ್ಲಿ, 1890ರ ದಶಕದಲ್ಲಿ, ಮಲ್ಲೇಶ್ವರ, ಬಸವನಗುಡಿ ಬಡಾವಣೆಗಳು ಆದವು. ಗಾಳಿ ಬೆಳಕು ಬರಲಿ ಅಂತ ನೇರ ರಸ್ತೆಗಳನ್ನು ಹಾಕಿದರು. ಒಂದು ಮೇನ್ ಗಿಜಿಗುಟ್ಟುತ್ತಿದ್ದರೆ ಅದರ ಪಕ್ಕಕ್ಕೆ ಇನ್ನೊಂದು ಇದ್ದೇ ಇರುತ್ತದೆ. ಮಲ್ಲೇಶ್ವರದ ಸಂಪಿಗೆ ರಸ್ತೆ ಬಿಟ್ಟು ಎರಡು ರಸ್ತೆ ಆಚೆ ಹೋಗಿ, ಗಲಾಟೆ ಇಲ್ಲ. 1948ರಲ್ಲಿ ಶುರುವಾದ ಜಯನಗರವೂ ಹೀಗೆಯೇ.

ಹೊಸ ಬಡಾವಣೆಗಳ ಕಥೆ ಬೇರೆ. ಒಬ್ಬೊಬ್ಬರ ಹೊಲ ಒಂದೊಂದು ಲೇಔಟ್ ಆಗಿದೆ. ಈ ಲೇಔಟಿನ ರಸ್ತೆ ಆ ಲೇಔಟಿಗೆ ಸೇರುವುದಿಲ್ಲ. ಒಮ್ಮೆ ಒಂದು ಮ್ಯಾಪ್ ಆಪ್ ತೋರಿಸಿದ ದಾರಿ ನಂಬಿ ಹೋಗಿದ್ದೆ. ರಸ್ತೆ ಹೋಗಿ ರಾಜಕಾಲುವೆಯ ತಡೆಗೋಡೆಗೆ ನಿಂತಿತು. ಆಚೆ ದಡದಲ್ಲಿ ಅದೇ ಹೆಸರಿನ ರಸ್ತೆ ಮುಂದುವರಿದಿತ್ತು, ನಡುವೆ ಸೇತುವೆ ಇರಲಿಲ್ಲ. ಗೋಡೆ ಪಕ್ಕ ಸೊಪ್ಪು ಮಾರುತ್ತಿದ್ದ ಒಬ್ಬಮ್ಮ, ‘ಎಲ್ರೂ ಇಲ್ಲಿಗೇ ಬಂದು ವಾಪಸ್ ಹೋಗ್ತಾರೆ ಕಣಪ್ಪ’ ಅಂದರು. ಅವತ್ತಿನಿಂದ ಹೊಸ ದಾರಿಯಾದರೆ ರಸ್ತೆಯ ಫೋಟೊ ತೋರಿಸುವ ಗೂಗಲ್ ಸ್ಟ್ರೀಟ್ ವ್ಯೂನಲ್ಲಿ ಒಂದು ಸಲ ನೋಡಿಯೇ ಹೊರಡುತ್ತೇನೆ. 2022ರಿಂದ ಬೆಂಗಳೂರಿನ ರಸ್ತೆಗಳು ಅದರಲ್ಲಿ ಸಿಗುತ್ತವೆ.

ಹೋಗಿ ನೋಡಿ, ಕಿವಿಗೊಟ್ಟು ಕೇಳಿ

ಮ್ಯಾಪಿನಲ್ಲಿ ಸಿಗದ ಸಂಗತಿಗಳೇ ಜಾಸ್ತಿ. ಒಂದು ಭಾನುವಾರ ನಿಧಾನಕ್ಕೆ ತುಳಿಯುತ್ತಾ ಹೋಗಿ. ಮಕ್ಕಳು ರಸ್ತೆಯಲ್ಲಿ ಕ್ರಿಕೆಟ್ ಆಡುತ್ತಿದ್ದರೆ, ಅಥವಾ ನೆಲದ ಮೇಲೆ ಕುಂಟೆಬಿಲ್ಲೆಯ ಮನೆ ಬರೆದಿದ್ದರೆ, ಆ ರಸ್ತೆಯನ್ನು ಕಣ್ಣು ಮುಚ್ಚಿ ಪಟ್ಟಿಗೆ ಸೇರಿಸಿ. ಅಲ್ಲಿ ಗಾಡಿ ಓಡಾಟ ಕಡಿಮೆ ಅನ್ನುವುದಕ್ಕೆ ಬೇರೆ ಸಾಕ್ಷಿ ಬೇಡ. ಜೊತೆಯಲ್ಲಿ ಬಂದವರ ಹತ್ತಿರ ಕೂಗದೆ ಮಾತಾಡಲು ಆಗುತ್ತದಾ ನೋಡಿ. ಆಗದಿದ್ದರೆ ಆ ರಸ್ತೆ ಬೇಡ.

ಸಾಲಾಗಿ ಕಾರು ನಿಲ್ಲಿಸಿರುವ ರಸ್ತೆಯಲ್ಲಿ ಕಾರಿನಿಂದ ಒಂದು ಬಾಗಿಲಿನಷ್ಟು ದೂರ ಇಟ್ಟುಕೊಳ್ಳಿ. ಬಾಗಿಲು ಯಾವಾಗ ತೆರೆಯುತ್ತದೋ ಹೇಳಲಾಗದು. ಹಂಪ್‌ಗಳು ತೊಂದರೆ ಅನಿಸಬಹುದು, ನನಗಂತೂ ಅವು ಇಷ್ಟ: ಅವಿದ್ದ ಕಡೆ ಬೈಕುಗಳು ನುಗ್ಗುವುದಿಲ್ಲ. ಬೀದಿನಾಯಿಗಳು ಅಟ್ಟಿಸಿಕೊಂಡು ಬಂದರೆ ಜೋರಾಗಿ ತುಳಿಯಬೇಡಿ. ನಿಲ್ಲಿಸಿ, ಇಳಿದು, ಸೈಕಲ್ಲನ್ನು ನಡುವೆ ಇಟ್ಟುಕೊಂಡು ನಾಲ್ಕು ಹೆಜ್ಜೆ ನಡೆಯಿರಿ. ಬಹುತೇಕ ನಾಯಿಗಳು ಅಲ್ಲಿಗೆ ಸುಮ್ಮನಾಗುತ್ತವೆ.

ಮರಗಳನ್ನೂ ಬರೆದಿಟ್ಟುಕೊಳ್ಳಿ. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳರು ನೆಡಿಸಿದ ಸಸಿಗಳು ಇವತ್ತು ನಮಗೆ ಚಪ್ಪರವಾಗಿವೆ. ವರ್ಷದ ಶುರುವಿನಲ್ಲಿ ಟಬೂಬಿಯಾ ಗುಲಾಬಿ ಬಣ್ಣಕ್ಕೆ ತಿರುಗುತ್ತದೆ, ಆಮೇಲೆ ಜಕರಾಂಡದ ನೀಲಿ, ಏಪ್ರಿಲ್–ಮೇನಲ್ಲಿ ಗುಲ್‌ಮೊಹರ್. ಯಾವ ತಿಂಗಳು ಯಾವ ರಸ್ತೆ ಅಂತ ಗೊತ್ತಿದ್ದರೆ ಅದೇ ದಾರಿ ವರ್ಷವಿಡೀ ಬೇಸರ ತರಿಸುವುದಿಲ್ಲ.

ಅಪ್ರದಕ್ಷಿಣೆ ಹಾಕಿ

ದೇವಸ್ಥಾನದಲ್ಲಿ ಪ್ರದಕ್ಷಿಣೆ ಬಲಕ್ಕೆ. ಸೈಕಲ್ಲಿನಲ್ಲಿ ಸುತ್ತು ಎಡಕ್ಕಿರಲಿ. ನಮ್ಮಲ್ಲಿ ಗಾಡಿ ಹೋಗುವುದು ರಸ್ತೆಯ ಎಡಬದಿಯಲ್ಲಿ. ಎಡಕ್ಕೆ ತಿರುಗುವಾಗ ಯಾರನ್ನೂ ಅಡ್ಡ ಹಾಯಬೇಕಿಲ್ಲ, ಬಲಕ್ಕೆ ತಿರುಗಲು ರಸ್ತೆ ನಡುವೆ ಬಂದು ನಿಲ್ಲಬೇಕು. ಗುರುತು ಹಾಕಿದ ರಸ್ತೆಗಳನ್ನು ಎಡ ತಿರುವುಗಳೇ ಜಾಸ್ತಿ ಇರುವ ಹಾಗೆ ಜೋಡಿಸಿ. ಎಷ್ಟು ಸಲ ಬಲಕ್ಕೆ ತಿರುಗಬೇಕಾಯಿತು ಅಂತ ಎಣಿಸಿ, ಮುಂದಿನ ವಾರ ಒಂದನ್ನು ಕಡಿಮೆ ಮಾಡಿ. ಮೊದಲಿಗೆ ಆರರಿಂದ ಎಂಟು ಕಿಲೋಮೀಟರ್ ಸಾಕು, ಆರಾಮಾಗಿ ಹೋದರೆ ಮುಕ್ಕಾಲು ಗಂಟೆ.

ಕಾಲು ಪಳಗಿದ ಮೇಲೆ ಒಂದು ದೊಡ್ಡ ಸುತ್ತು ಕಟ್ಟಿಕೊಳ್ಳಿ. ನನಗೆ ತುಂಬ ಇಷ್ಟವಾದದ್ದು ಹಳೇ ಊರಿನ ಎಲ್ಲೆ ಗುರುತಿಸುವ, ಕೆಂಪೇಗೌಡರ ಹೆಸರಿನ ನಾಲ್ಕು ಗಡಿಗೋಪುರಗಳ ಸುತ್ತು: ಮೇಖ್ರಿ ಸರ್ಕಲ್ ಹತ್ತಿರದ್ದು, ಕೆಂಪಾಂಬುಧಿ ಕೆರೆಯದ್ದು, ಲಾಲ್‌ಬಾಗ್ ಬಂಡೆ ಮೇಲಿನದ್ದು, ಹಲಸೂರು ಕೆರೆಯದ್ದು. ಬರೆದ ಈ ಕ್ರಮದಲ್ಲೇ ಹೋದರೆ ಸುತ್ತು ಎಡಕ್ಕೇ ಆಗುತ್ತದೆ. ಲಾಲ್‌ಬಾಗ್‌ನಲ್ಲಿ ಸೈಕಲ್ಲನ್ನು ಗೇಟಿನ ಹತ್ತಿರ ಬೀಗ ಹಾಕಿ ನಡೆದು ಹೋಗಿ.

ಕಡೆಯದಾಗಿ, ಗೊತ್ತು ಮಾಡಿದ ದಾರಿಯನ್ನು ಮಳೆ ಬಂದ ಮೇಲೆ ಇನ್ನೊಮ್ಮೆ ಪರೀಕ್ಷಿಸಿ. ನೀರು ನಿಂತ ಕಡೆ ಗುಂಡಿ ಕಾಣುವುದಿಲ್ಲ. ಏಪ್ರಿಲ್‌ನಲ್ಲಿ ಅಷ್ಟು ಚೆಂದ ಕಂಡ ಹೂವಿನ ಹಾಸು ಒದ್ದೆಯಾದರೆ ಜಾರುತ್ತದೆ, ತಿರುವಿನಲ್ಲಿ ಬ್ರೇಕ್ ಜಗ್ಗಿದರೆ ಬೀಳುವುದು ಖಂಡಿತ. ಅಂಡರ್‌ಪಾಸ್‌ಗಳಿಗೆ ಇಳಿಯಲೇಬೇಡಿ. ದಾರಿಯಲ್ಲಿ ಬೇಗ ಬಾಗಿಲು ತೆರೆಯುವ ಪಂಚರ್ ಅಂಗಡಿ ಎಲ್ಲಿದೆ ಅಂತ ಅದೇ ಕಾಗದದಲ್ಲಿ ಒಂದು ಮೂಲೆಗೆ ಬರೆದಿಡಿ.