ಎನ್‌ಡಿಪಿಎಸ್ ಕೇಸಿನ ಕಡತವನ್ನು ನಾನು ಓದುವ ಬಗೆ

ಎನ್‌ಡಿಪಿಎಸ್, ಅಂದರೆ ಮಾದಕ ವಸ್ತು ಕಾಯ್ದೆಯ ಕಡತ ಕೈಗೆ ಬಂದಾಗ ಆರೋಪಿ ಪರ ವಾದಿಸುವ ನಾನು ಎಫ್‌ಐಆರ್ ಬದಿಗಿಟ್ಟು ಮೊದಲು ಜಪ್ತಿ ಮಹಜರು ತೆಗೆಯುತ್ತೇನೆ. ಅದರಲ್ಲೂ ತೂಕ ಬರೆದ ಸಾಲು. 1985ರ ಈ ಕಾಯ್ದೆಯಲ್ಲಿ ಶಿಕ್ಷೆ, ಜಾಮೀನು ಎರಡೂ ತೂಕವನ್ನೇ ನೆಚ್ಚಿಕೊಂಡಿವೆ. ಗಾಂಜಾ 1 ಕೆ.ಜಿ.ಗಿಂತ ಕಡಿಮೆಯಿದ್ದರೆ ಅಲ್ಪ ಪ್ರಮಾಣ: 1 ವರ್ಷದವರೆಗೆ ಸಜೆ, ಇಲ್ಲವೇ 10,000 ರೂ.ವರೆಗೆ ದಂಡ, ಇಲ್ಲವೇ ಎರಡೂ. 20 ಕೆ.ಜಿ. ಮೀರಿದರೆ ವಾಣಿಜ್ಯ ಪ್ರಮಾಣ: 10ರಿಂದ 20 ವರ್ಷ ಕಠಿಣ ಸಜೆ, 1ರಿಂದ 2 ಲಕ್ಷ ರೂ. ದಂಡ. ನಡುವಿನದಕ್ಕೆ 10 ವರ್ಷದವರೆಗೆ ಸಜೆ, 1 ಲಕ್ಷದವರೆಗೆ ದಂಡ. ಹೆರಾಯಿನ್‌ಗೆ ಈ ಗಡಿಗಳು 5 ಮತ್ತು 250 ಗ್ರಾಂ. ಎಂಡಿಎಂಎ ಎಂಬ ರಾಸಾಯನಿಕ ಮಾದಕಕ್ಕೆ ಬರೀ ಅರ್ಧ ಗ್ರಾಂ ಮತ್ತು 10 ಗ್ರಾಂ. ಸರಿಯಾಗಿ 20 ಕೆ.ಜಿ. ಗಾಂಜಾ ಇದ್ದರೆ ಅದು ವಾಣಿಜ್ಯ ಪ್ರಮಾಣವಲ್ಲ, ಮೀರಿರಬೇಕು.

ಮಹಜರಿನಲ್ಲಿ 21 ಕೆ.ಜಿ. ಎಂದಿದೆ ಎನ್ನಿ. ಚೀಲ ಸೇರಿಸಿ ತೂಗಿದ್ದೇ? ಹಸಿ ಗಿಡವನ್ನು ಬೇರು, ಕಾಂಡ ಸಮೇತ ತಕ್ಕಡಿಗೆ ಹಾಕಿದ್ದೇ? ಕಾಯ್ದೆಯ ಪ್ರಕಾರ ಗಾಂಜಾ ಎಂದರೆ ಹೂವು ಅಥವಾ ಕಾಯಿ ಬಿಟ್ಟ ತುದಿಗಳು. ತುದಿಗಳ ಜೊತೆಗಿಲ್ಲದ ಎಲೆ, ಬೀಜ ಲೆಕ್ಕಕ್ಕಿಲ್ಲ. ಮಹಜರಿನಲ್ಲಿ ತುದಿಯ ಮಾತೇ ಇರದಿದ್ದರೆ ಜಾಮೀನು ಅರ್ಜಿಯ ಮೊದಲ ಅಂಶ ಅದೇ. ಮಿಶ್ರಣದ ಪೂರ್ತಿ ತೂಕ ಹಿಡಿಯಬೇಕೆಂಬ ಸುಪ್ರೀಂ ಕೋರ್ಟಿನ 2020ರ ಹೀರಾ ಸಿಂಗ್ ತೀರ್ಪನ್ನು ಸರ್ಕಾರಿ ಅಭಿಯೋಜಕರು ತೋರಿಸುವುದುಂಟು. ಆ ತೀರ್ಪು ಮಾದಕ ವಸ್ತುವಿಗೆ ಬೇರೆ ಪದಾರ್ಥ ಬೆರೆಸಿದ ಸಂದರ್ಭದ್ದು. ಗಾಂಜಾದ ವ್ಯಾಖ್ಯೆಯನ್ನು ಅದು ಅಳಿಸುವುದಿಲ್ಲ.

ಈ ಹೋರಾಟಕ್ಕೆ ಕಾರಣ 37ನೇ ಕಲಂ. ವಾಣಿಜ್ಯ ಪ್ರಮಾಣವಾದರೆ, ಆರೋಪಿ ತಪ್ಪಿತಸ್ಥನಲ್ಲ ಎಂದು ನಂಬಲು ಆಧಾರವಿದೆ, ಹೊರಬಂದು ಮತ್ತೆ ಅಪರಾಧ ಮಾಡಲಾರ ಎಂದು ಎರಡೂ ಮನವರಿಕೆಯಾಗದೆ ನ್ಯಾಯಾಲಯ ಜಾಮೀನು ಕೊಡುವಂತಿಲ್ಲ. ಚಾರ್ಜ್‌ಶೀಟ್‌ಗೆ 180 ದಿನದ ಗಡುವು. ಅಭಿಯೋಜಕರು ನಿರ್ದಿಷ್ಟ ಕಾರಣ ಕೊಟ್ಟು ವರದಿ ಸಲ್ಲಿಸಿದರೆ 1 ವರ್ಷದವರೆಗೆ ವಿಸ್ತರಿಸಬಹುದು. ವಿಸ್ತರಣೆಯೂ ಇಲ್ಲ, ಚಾರ್ಜ್‌ಶೀಟೂ ಇಲ್ಲ ಎಂದಾದರೆ ಗಡುವು ಮೀರಿದ್ದಕ್ಕೆ ಹಕ್ಕಾಗಿ ಸಿಗುವ ಜಾಮೀನಿಗೆ 181ನೇ ದಿನ ಬೆಳಿಗ್ಗೆಯೇ ಅರ್ಜಿ ಹಾಕಬೇಕು. ಅಷ್ಟರಲ್ಲಿ ಚಾರ್ಜ್‌ಶೀಟ್ ಬಂದುಬಿಟ್ಟರೆ ಆ ಹಕ್ಕು ಕೈತಪ್ಪುತ್ತದೆ.

ಮುಂದಿನದು ಶೋಧನೆ. ಮಾಹಿತಿದಾರ ಹೇಳಿದ್ದನ್ನು ಬರಹಕ್ಕಿಳಿಸಿ 72 ಗಂಟೆಯೊಳಗೆ ಮೇಲಧಿಕಾರಿಗೆ ಕಳುಹಿಸಬೇಕು ಎನ್ನುತ್ತದೆ 42ನೇ ಕಲಂ. ಸಾರ್ವಜನಿಕ ಸ್ಥಳದ ಶೋಧನೆಗೆ ಈ ಕಲಂ ಇಲ್ಲ, ಹಾಗಾಗಿ ಇದರಿಂದ ನುಣುಚಿಕೊಳ್ಳಲು ಪೊಲೀಸರು 'ಸಾರ್ವಜನಿಕ ಸ್ಥಳ' ಎಂದು ಬರೆದುಬಿಡುವುದು ಮಾಮೂಲು. ಖಾಸಗಿ ಕಾರು ಸಾರ್ವಜನಿಕ ರಸ್ತೆಯಲ್ಲಿ ನಿಂತಿದ್ದರೂ 42ನೇ ಕಲಮೇ ಅನ್ವಯ ಎಂದು ಸುಪ್ರೀಂ ಕೋರ್ಟ್ 2021ರಲ್ಲಿ ಹೇಳಿದೆ. ಇನ್ನು 50ನೇ ಕಲಂ: ಪತ್ರಾಂಕಿತ ಅಧಿಕಾರಿ ಅಥವಾ ಮ್ಯಾಜಿಸ್ಟ್ರೇಟ್ ಎದುರು ಶೋಧಿಸಿಕೊಳ್ಳುವ ಹಕ್ಕಿದೆ ಎಂದು ಪ್ರತಿಯೊಬ್ಬರಿಗೂ ಬೇರೆಬೇರೆಯಾಗಿ ತಿಳಿಸಬೇಕು. ಮೂವರು ಆರೋಪಿಗಳಿದ್ದು ಮೂವರಿಗೂ ಸೇರಿ ಒಂದೇ ನೋಟಿಸು ಕೊಟ್ಟಿದ್ದರೆ ಅಲ್ಲೇ ಎಡವಟ್ಟು. ಆದರೆ ಇದು ಮೈಶೋಧನೆಗೆ ಮಾತ್ರ. ಮಾಲು ಸಿಕ್ಕಿದ್ದು ಬ್ಯಾಗಿನಲ್ಲಿದ್ದರೆ 50ನೇ ಕಲಂ ಹಿಡಿದು ವಾದಿಸಿ ನ್ಯಾಯಾಧೀಶರ ತಾಳ್ಮೆ ಕೆಡಿಸಬೇಡಿ.

ನಾನು ಹೆಚ್ಚು ಹೊತ್ತು ಕೂರುವುದು ಮಾಲು ಸಾಗಿದ ದಾರಿಯ ಮೇಲೆ. ಮಹಜರಿನ ತೂಕ, ಮಾಲಖಾನೆ (ಜಪ್ತಿ ಮಾಲು ಇಡುವ ಕೋಣೆ) ರಿಜಿಸ್ಟರ್, ಮ್ಯಾಜಿಸ್ಟ್ರೇಟ್ ದೃಢೀಕರಿಸಿದ ಪಟ್ಟಿ, ಎಫ್‌ಎಸ್‌ಎಲ್ (ವಿಧಿವಿಜ್ಞಾನ ಪ್ರಯೋಗಾಲಯ) ವರದಿ, ನಾಲ್ಕನ್ನೂ ಪಕ್ಕಪಕ್ಕ ಇಟ್ಟು ದಿನಾಂಕ, ಸೀಲಿನ ಅಕ್ಷರ, ಪೊಟ್ಟಣಗಳ ಸಂಖ್ಯೆ, ಗ್ರಾಂ ತಾಳೆ ನೋಡುತ್ತೇನೆ. ಮಹಜರಿನಲ್ಲಿ ಕಂದು ಪುಡಿ, ಪ್ರಯೋಗಾಲಯದಲ್ಲಿ ಬಿಳಿ ಪುಡಿ ಎಂದಿದ್ದರೆ ಪಾಟೀಸವಾಲಿಗೆ ಅದೊಂದೇ ಸಾಕಾಗಬಹುದು. ಮಾದರಿ ತೆಗೆಯುವುದು ಮ್ಯಾಜಿಸ್ಟ್ರೇಟ್ ಎದುರೇ ಆಗಬೇಕು, ಇದು 52ಎ ಕಲಂ. ಆದರೆ 52ಎ ಪಾಲಿಸಿಲ್ಲ ಎಂಬುದೊಂದರಿಂದಲೇ ಕೇಸು ಬೀಳುವುದಿಲ್ಲ ಎಂದು ಸುಪ್ರೀಂ ಕೋರ್ಟ್ 2025ರಲ್ಲಿ ಸ್ಪಷ್ಟಪಡಿಸಿದೆ. ಅದರಿಂದ ಸಾಕ್ಷ್ಯದಲ್ಲಿ ಯಾವ ವ್ಯತ್ಯಾಸ ಹುಟ್ಟಿತು ಎಂದು ತೋರಿಸಬೇಕು.

ಬರೀ ಸಹ ಆರೋಪಿಯ ಮಾತಿನ ಮೇಲೆ ಹೆಸರು ಸೇರಿದ್ದರೆ 2020ರ ತೂಫಾನ್ ಸಿಂಗ್ ತೀರ್ಪು ಇದೆ: 67ನೇ ಕಲಂ ಅಡಿ ಅಧಿಕಾರಿಗೆ ಕೊಟ್ಟ ಹೇಳಿಕೆ ತಪ್ಪೊಪ್ಪಿಗೆಯಾಗಿ ನಿಲ್ಲದು. ಆಗ ಕರೆ ವಿವರ, ಹಣದ ವರ್ಗಾವಣೆ ಬೇರೇನಾದರೂ ಹೇಳುತ್ತವೆಯೇ ನೋಡಬೇಕು.

ಆರೋಪಿ ವ್ಯಸನಿಯಾಗಿದ್ದು, ಕೇಸು ಸೇವನೆಯದ್ದೋ ಅಲ್ಪ ಪ್ರಮಾಣದ್ದೋ ಆಗಿದ್ದರೆ 64ಎ ಕಲಮನ್ನು ಮನೆಯವರಿಗೆ ಮೊದಲ ಭೇಟಿಯಲ್ಲೇ ತಿಳಿಸುತ್ತೇನೆ. ಸರ್ಕಾರಿ ಅಥವಾ ಮಾನ್ಯತೆ ಪಡೆದ ಆಸ್ಪತ್ರೆಯಲ್ಲಿ ತಾನಾಗಿ ಚಿಕಿತ್ಸೆಗೆ ಸೇರಿದರೆ ವಿಚಾರಣೆಯಿಂದ ರಕ್ಷಣೆ ಸಿಗುತ್ತದೆ. ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹಿಂಪಡೆಯಬಹುದು. ಹಾಗಾಗಿ ದಾಖಲಾತಿ ಚೀಟಿಯಿಂದ ಬಿಡುಗಡೆ ಪತ್ರದವರೆಗೆ ಪ್ರತಿ ಕಾಗದವನ್ನೂ ಜೋಡಿಸಿಡಲು ಹೇಳುತ್ತೇನೆ.