ಕೆಮಿಸ್ಟ್ರಿ ಪ್ರಾಜೆಕ್ಟ್‌ಗೆ ಲೈಬ್ರರಿ ಬಳಸುವುದು ಹೇಗೆ?

ಎಂ.ಎಸ್ಸಿ. ಎರಡನೇ ವರ್ಷ ಬಂತೆಂದರೆ ಕುವೆಂಪು ವಿಶ್ವವಿದ್ಯಾಲಯ ಇರುವ ಶಂಕರಘಟ್ಟದಲ್ಲಿ ಪ್ರಾಜೆಕ್ಟ್ ಗಡಿಬಿಡಿ. ಗೂಗಲ್‌ನಲ್ಲಿ ಒಂದು ಹೆಸರು ಹಾಕಿ, ಮೊದಲು ಸಿಕ್ಕ ಪಿಡಿಎಫ್‌ಗಳನ್ನು ಇಳಿಸಿಕೊಂಡು ‘ಲಿಟರೇಚರ್ ಸರ್ವೆ ಮುಗೀತು’ ಅನ್ನುವವರೇ ಜಾಸ್ತಿ. ಆಮೇಲೆ ಗೈಡ್ ‘ಇದನ್ನು ಆಗಲೇ ಮಾಡಿದ್ದಾರಲ್ಲಪ್ಪ’ ಅಂದಾಗ ಮುಖ ಸಪ್ಪಗಾಗುತ್ತದೆ.

ಮೊದಲು ಲೈಬ್ರರಿ ಕಾರ್ಡ್, ವಿಶ್ವವಿದ್ಯಾಲಯದ ಇಮೇಲ್ ಐಡಿ ಮಾಡಿಸಿಕೊಳ್ಳಿ.

ಎರಡನೆಯದು ಪುಸ್ತಕ. ವಿಷಯಕ್ಕೊಂದು ಅಂಕಿ ಕೊಟ್ಟು ಪುಸ್ತಕ ಜೋಡಿಸುವ ಡ್ಯೂಯಿ ಪದ್ಧತಿಯ ಲೈಬ್ರರಿಯಾದರೆ ಕೆಮಿಸ್ಟ್ರಿ 540ರಿಂದ ಶುರು. ಅನಲಿಟಿಕಲ್ 543, ಆರ್ಗ್ಯಾನಿಕ್ 547. ವಿಷಯದ ಬುಡ ಗೊತ್ತಿಲ್ಲದೆ ಸಂಶೋಧನಾ ಪೇಪರ್‌ಗೆ ಕೈ ಹಾಕಬೇಡಿ.

ಮೂರನೆಯದು ಹುಡುಕಾಟ. ಎಲ್ಲರೂ ಎಡವುವುದು ಇಲ್ಲೇ. ನಾವು ಅಡಿಕೆ ಸೀಮೆಯವರಲ್ವಾ, ಅಡಿಕೆಯನ್ನೇ ತೆಗೆದುಕೊಳ್ಳೋಣ. ಅದರ ಮುಖ್ಯ ಆಲ್ಕಲಾಯ್ಡ್ (ಗಿಡಗಳಲ್ಲಿರುವ ಸಾರಜನಕದ ಸಂಯುಕ್ತ) ಅರೆಕೊಲಿನ್. ಪಬ್‌ಕೆಮ್ ತೆರೆದು ಈ ಹೆಸರು ಹಾಕಿ. 2004ರಿಂದ ಇರುವ ಈ ಡೇಟಾಬೇಸ್‌ಗೆ ದುಡ್ಡು ಕೊಡಬೇಕಿಲ್ಲ. ರಚನೆ, ಅಣುಸೂತ್ರ, ಬೇರೆ ಹೆಸರುಗಳು, ಸಿಎಎಸ್ ನಂಬರ್ (ಪ್ರತಿ ರಾಸಾಯನಿಕಕ್ಕೂ ಇರುವ ಗುರುತಿನ ಸಂಖ್ಯೆ) ಎಲ್ಲ ಒಂದೇ ಕಡೆ ಸಿಗುತ್ತವೆ.

ಸಿಎಎಸ್ ನಂಬರನ್ನು ಉಡಾಫೆ ಮಾಡಬೇಡಿ. ಅರೆಕೊಲಿನ್‌ದು 63-75-2. ಅದರ ಹೈಡ್ರೋಬ್ರೋಮೈಡ್ ಲವಣದ್ದು 300-08-3. ಅಣುತೂಕ ಮೊದಲನೆಯದಕ್ಕೆ ಸುಮಾರು 155, ಎರಡನೆಯದಕ್ಕೆ 236. ಬಾಟಲಿಯಲ್ಲಿರುವುದು ಲವಣ, ಲೆಕ್ಕ ಹಾಕಿದ್ದು 155ರಲ್ಲಿ ಅಂದರೆ ನಿಮ್ಮ ದ್ರಾವಣವೇ ತಪ್ಪು. ನಂಬರ್ ಸರಿಯಾಗಿ ಬರೆದುಕೊಂಡಿರಾ ಎಂದು ನೋಡಲೂ ದಾರಿ ಇದೆ. 63-75-2ರಲ್ಲಿ ಕೊನೆಯ ಅಂಕಿ ಬಿಟ್ಟು, ಬಲದಿಂದ ಎಡಕ್ಕೆ 1, 2, 3, 4ರಿಂದ ಗುಣಿಸುತ್ತಾ ಕೂಡಿಸಿ: 5+14+9+24, ಒಟ್ಟು 52. ಇದರ ಕೊನೆಯ ಅಂಕಿ 2, ನಂಬರಿನ ಕೊನೆಯದೂ 2. ಸರಿ ಇದೆ.

ಇನ್ನು ಹುಡುಕುವ ಪದಗಳು. ಅರೆಕಾ ನಟ್, ಅರೆಕಾ ಕ್ಯಾಟೆಚು, ಬೀಟಲ್ ನಟ್: ಮೂರನ್ನೂ ಇಂಗ್ಲಿಷಿನಲ್ಲಿ ಬೇರೆಬೇರೆ ಉದ್ಧರಣ ಚಿಹ್ನೆಯೊಳಗಿಟ್ಟು, ನಡುನಡುವೆ ‘ಆರ್’ ಹಾಕಿ, ಒಟ್ಟಿಗೆ ಕಂಸದಲ್ಲಿಡಿ. ಆಮೇಲೆ ‘ಆ್ಯಂಡ್’ ಹಾಕಿ ಅರೆಕೊಲಿನ್ ಸೇರಿಸಿ. ಬರೀ ಬೀಟಲ್ ಅಂತ ಹಾಕಿದರೆ ವೀಳ್ಯದೆಲೆಯ ಪೇಪರ್‌ಗಳೂ ರಾಶಿ ಬೀಳುತ್ತವೆ. ಸುಣ್ಣ ಸೇರಿದಾಗ ಅರೆಕೊಲಿನ್ ಒಡೆದು ಅರೆಕೈಡಿನ್ ಆಗುತ್ತದೆ. ಎಲೆ-ಅಡಿಕೆ ಜಗಿಯುವವರ ಬಗ್ಗೆ ಕೆಲಸ ಮಾಡುವವರು ಆ ಹೆಸರಲ್ಲೂ ಹುಡುಕಲೇಬೇಕು. ಅಣುವಿನ ರಚನೆ ಬರೆದೇ ಹುಡುಕಲು ರಸಾಯನಶಾಸ್ತ್ರದ ಡೇಟಾಬೇಸ್ ಸೈಫೈಂಡರ್‌ನಷ್ಟು ಒಳ್ಳೆಯದು ಇನ್ನೊಂದಿಲ್ಲ, ಆದರೆ ಚಂದಾ ದುಬಾರಿ. ನಿಮ್ಮಲ್ಲಿದೆಯೇ ಎಂದು ಲೈಬ್ರರಿಯನ್ ಹತ್ತಿರ ಕೇಳಿ. ಸಂಕೋಚ ಬೇಡ, ಅವರು ಕೂತಿರುವುದೇ ಅದಕ್ಕೆ.

ಪೇಪರ್ ಪೂರ್ತಿ ಬೇಕೇ? 2025ರ ಜನವರಿ 1ರಿಂದ ಕೇಂದ್ರ ಸರ್ಕಾರದ ‘ಒನ್ ನೇಷನ್ ಒನ್ ಸಬ್‌ಸ್ಕ್ರಿಪ್ಷನ್’ ಯೋಜನೆ ಜಾರಿಯಲ್ಲಿದೆ. 30 ಪ್ರಕಾಶಕರ ಸುಮಾರು 13,000 ಜರ್ನಲ್‌ಗಳು ಸರ್ಕಾರಿ ವಿಶ್ವವಿದ್ಯಾಲಯಗಳಿಗೆ ಸಿಗುತ್ತವೆ. ದುಡ್ಡು ಕೇಳುವ ಪುಟ ಕಂಡ ಕೂಡಲೇ ಕಾರ್ಡ್ ತೆಗೆಯಬೇಡಿ. ಕ್ಯಾಂಪಸ್ ನೆಟ್‌ವರ್ಕ್‌ನಲ್ಲಿ ಕೂತು ಮತ್ತೆ ತೆರೆದು ನೋಡಿ. ಊರಿಗೆ ಹೋಗುವ ಮುಂಚೆಯೇ ಬೇಕಾದ್ದನ್ನು ಇಳಿಸಿಕೊಳ್ಳಿ. ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿ ಕಡೆ ಕರೆಂಟ್ ಹೋಯಿತೆಂದರೆ ನೆಟ್‌ವರ್ಕೂ ಹೋದ ಹಾಗೇ.

ಪ್ರಯೋಗದ ವಿವರ ಪೇಪರ್‌ನಲ್ಲಿ ಸಾಲದಿದ್ದರೆ ಭಾರತದ ವಿಶ್ವವಿದ್ಯಾಲಯಗಳ ಪ್ರಬಂಧಗಳ ಆನ್‌ಲೈನ್ ಸಂಗ್ರಹವಾದ ಶೋಧಗಂಗಾದಲ್ಲಿ ಪಿಎಚ್‌.ಡಿ. ಪ್ರಬಂಧ ಹುಡುಕಿ. ಎಷ್ಟು ಗ್ರಾಂ, ಎಷ್ಟು ಹೊತ್ತು, ಯಾವ ದ್ರಾವಕ ಎಂಬುದು ಅಲ್ಲಿ ಬಿಡಿಸಿ ಬರೆದಿರುತ್ತದೆ.

ಓದಿದ್ದನ್ನೆಲ್ಲ ಉಲ್ಲೇಖಗಳನ್ನು ಜೋಡಿಸಿಡುವ ಸಾಫ್ಟ್‌ವೇರ್ ಜೊಟೆರೊದಲ್ಲಿ ಹಾಕಿಡಿ, ಅದು ಉಚಿತ. ಚಾಟ್‌ಬಾಟ್ ಕೊಡುವ ಉಲ್ಲೇಖಗಳನ್ನು ಮಾತ್ರ ಸುಮ್ನೆ ನಂಬಬೇಡಿ, ಇಲ್ಲದ ಪೇಪರನ್ನೂ ಅದು ಹುಟ್ಟಿಸುತ್ತದೆ. 10ರಿಂದ ಶುರುವಾಗುವ ಡಿಒಐ (ಪೇಪರ್‌ನ ಕಾಯಂ ಗುರುತಿನ ಸಂಖ್ಯೆ) ಹಾಕಿ ತೆರೆಯಿರಿ. ಪೇಪರ್ ಬರಲಿಲ್ಲವೋ, ಆ ಸಾಲು ಹೊಡೆದು ಹಾಕಿ.